ಬಂಗಾರನ ಎಡ ಮಗ್ಗುಲು

ಮನೆ ದಲ್ಲಾಳಿಗಳ ನಡುವೆ ಅವನಿಗಿದ್ದ ಹೆಸರು ವಿಶಾಲಣ್ಣ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದನ್ನು ಈಗ ಬ್ಯಾಂಕಿನವರು ಬಿಟ್ಟರೆ ಯಾರೂ ಬಳಸುತ್ತಿರಲಿಲ್ಲ. ಬಾಡಿಗೆ ಮನೆಯ ಜಾಹೀರಾತು ಬರೆಯಲು ಕೂತರೆ ಅವನ ಬೆರಳು ತಾನಾಗಿಯೇ 'ವಿಶಾಲವಾದ' ಎಂದು ಶುರು ಮಾಡುತ್ತಿತ್ತು. ವಿಶಾಲವಾದ ಹಾಲ್, ವಿಶಾಲವಾದ ಅಡುಗೆಮನೆ, ವಿಶಾಲವಾದ ಬಾಲ್ಕನಿ. ಆ ಬಾಲ್ಕನಿಯಲ್ಲಿ ಒಬ್ಬರು ಬಟ್ಟೆ ಒಣಗಿಸಬೇಕಾದರೆ ಇನ್ನೊಬ್ಬರು ಒಳಕ್ಕೆ ಹೋಗಿ ಜಾಗ ಬಿಡಬೇಕಿತ್ತು ಎನ್ನುವುದು ಬೇರೆ ಮಾತು.

ಬರವಣಿಗೆ ಹೇಗಾದರೂ ಇರಲಿ, ಅವನ ನಿಜವಾದ ಕೈಚಳಕ ಇದ್ದದ್ದು ಫೋಟೋದಲ್ಲಿ. ಕೋಣೆಯ ಮೂಲೆಗೆ ಬೆನ್ನು ಹಚ್ಚಿ, ಉಸಿರು ಬಿಗಿಹಿಡಿದು, ಫೋನನ್ನು ಎದೆಮಟ್ಟಕ್ಕೆ ಹಿಡಿದು ಒಂದು ಸಲ ಒತ್ತಿದನೆಂದರೆ ಕೋಳಿಗೂಡಿನಂಥ ಕೋಣೆಯೂ ಮದುವೆ ಮಂಟಪದ ಹಾಗೆ ಹರಡಿಕೊಳ್ಳುತ್ತಿತ್ತು. ಗೋಡೆಗೆ ತೇವ ಹತ್ತಿದ್ದರೆ ಅದರ ಮುಂದೊಂದು ಹೂಕುಂಡ ಬರುತ್ತಿತ್ತು. ಪ್ಲಾಸ್ಟಿಕ್ ಗಿಡದ ಆ ಕುಂಡ ಅವನ ಕಾರಿನ ಹಿಂದಿನ ಸೀಟಿನಲ್ಲೇ ವಾಸವಾಗಿತ್ತು. ಕಿಟಕಿ ತೆರೆದರೆ ಪಕ್ಕದ ಮನೆಯವರ ಗೋಡೆ ಮೂಗಿಗೆ ತಾಕುವಂತಿದ್ದರೆ, ತೆಳು ಪರದೆ ಎಳೆದು, ಬಿಸಿಲು ಬೀಳುವ ಹೊತ್ತಿಗಾಗಿ ಕಾದು ಕೂರುತ್ತಿದ್ದ. ಯಾರಾದರೂ ಆಕ್ಷೇಪಿಸಿದರೆ, "ನಾನೆಲ್ಲಿ ಸುಳ್ಳು ಹೇಳ್ತೀನಿ? ಎಲ್ಲಿ ನಿಂತು ನೋಡಿದ್ರೆ ಚೆನ್ನಾಗಿ ಕಾಣುತ್ತೆ ಅಂತ ತೋರಿಸ್ತೀನಿ, ಅಷ್ಟೆ. ನೀವು ಬೇರೆ ಕಡೆ ನಿಂತ್ಕೊಂಡು ನೋಡಿದ್ರೆ ಅದು ನನ್ನ ತಪ್ಪಾ?" ಎಂದು ಅವರನ್ನೇ ಕೇಳುತ್ತಿದ್ದ.

ಇಂಥವನ ಮನೆಗೆ ಅತ್ತೆ ಬಂದರು. ಹೆಂಡತಿಯ ತಾಯಿ. ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡು, ಪ್ಲಾಸ್ಟರ್ ಬಿಚ್ಚುವ ತನಕ ಇದ್ದು ಹೋಗುತ್ತೇನೆಂದು ಬಂದವರು. ಪ್ಲಾಸ್ಟರ್ ಬಿಚ್ಚಿದ್ದಾಯಿತು, ಕೈಗೆ ವ್ಯಾಯಾಮ ಶುರುವಾಯಿತು, ಆ ಕೈಯಲ್ಲೇ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಾಯಿಸಿಕೊಂಡವು. ಅಷ್ಟರಲ್ಲಿ ಅವರಿದ್ದ ಬಾಡಿಗೆ ಮನೆಯನ್ನು ಮಾಲೀಕ ಕೆಡವಿ ಅಂಗಡಿ ಮಳಿಗೆ ಕಟ್ಟಿಸಲು ಶುರುಮಾಡಿದ. ಹೊರಡುವ ಮಾತು ಅಲ್ಲಿಗೆ ನಿಂತುಹೋಯಿತು.

ಅತ್ತೆ ಮುದ್ರಣಾಲಯವೊಂದರಲ್ಲಿ ಜೀವಮಾನವಿಡೀ ಕರಡು ತಿದ್ದಿದವರು. ಕೆಲಸದಿಂದ ನಿವೃತ್ತಿಯಾಗಿತ್ತು, ಕಣ್ಣಿಗೆ ಆಗಿರಲಿಲ್ಲ. ಹಾಲಿನ ಪೊಟ್ಟಣದ ಮೇಲಿನ ಅಕ್ಷರವನ್ನೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಅಳಿಯ ಟೀ ಕುಡಿಯುತ್ತ ಜಾಹೀರಾತು ಬರೆಯುತ್ತಿದ್ದರೆ ಹಿಂದಿನಿಂದ ಬಂದು ಇಣುಕುತ್ತಿದ್ದರು.

"ಅಳಿಯಂದಿರೇ, 'ಶಾಂತವಾದ ಪರಿಸರ' ಅಂತ ಬರ್ದಿದೀರಿ. ಆ ಮನೆ ಎದುರಿಗೆ ಬಸ್ಸಿನ ಗ್ಯಾರೇಜ್ ಇದೆ ಅಂತ ನೀವೇ ನಿನ್ನೆ ಹೇಳ್ತಿದ್ರಲ್ಲ?"

"ರಾತ್ರಿ ಮುಚ್ಚಿರುತ್ತೆ ಅತ್ತೆ."

"ಹಾಗಾದ್ರೆ 'ರಾತ್ರಿ ಶಾಂತವಾದ' ಅಂತ ಮಾಡಿ. ಒಂದು ಪದ ಬಿಟ್ಟುಹೋಗಿದೆ."

ಇದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ಜೊತೆಗೆ ಬಂದ ಬೆಕ್ಕು. ಅದರ ಹೆಸರು ಬಂಗಾರ. ಹೆಸರಿಟ್ಟ ಗಳಿಗೆಯಲ್ಲಿ ಅತ್ತೆ ಕನ್ನಡಕ ತೆಗೆದಿದ್ದಿರಬೇಕು. ಪಾತ್ರೆ ಉಜ್ಜಿದ ನೀರಿನ ಬಣ್ಣದ ಗಡವ ಗಂಡು. ಯಾವುದೋ ಕಾಲದ ಕಾದಾಟದಲ್ಲಿ ಬಲಗಣ್ಣು ಹೋಗಿತ್ತು, ಅದೇ ಕಡೆಯ ಕಿವಿಯಲ್ಲೂ ಅರ್ಧವೇ ಉಳಿದಿತ್ತು. ಸಾಲ ವಸೂಲಿಗೆ ಬಂದವನ ಮುಖಭಾವ. ಬಂದ ದಿನವೇ ವಿಶಾಲಣ್ಣನ ಕುರ್ಚಿ ಯಾವುದೆಂದು ಪತ್ತೆಹಚ್ಚಿ ಅದರಲ್ಲಿ ಕೂತಿತು. ಎರಡನೆಯ ದಿನ ಅವನ ಶೂ ಯಾವುದೆಂದು ಪತ್ತೆಹಚ್ಚಿತು. ಅಲ್ಲಿ ಅದು ಮಾಡಿದ ಕೆಲಸದ ವಾಸನೆ ಎಷ್ಟು ತೊಳೆದರೂ ಹೋಗದೆ, ಒಮ್ಮೆ ಗಿರಾಕಿಯೊಬ್ಬರು ಹೊಸ ಮನೆ ನೋಡುತ್ತ ನಿಂತಲ್ಲೇ ಮೂಗು ಹಿಡಿದು, "ಇಲ್ಲಿ ಒಳಚರಂಡಿ ಸರಿಯಿಲ್ಲ ಅನ್ಸುತ್ತೆ," ಎಂದು ಹೊರಟುಹೋಗಿದ್ದರು.

"ಅತ್ತೆ, ನಿಮಗೇ ಅಂತ ಒಂದು ಮನೆ ಇದ್ರೆ ಆರಾಮಲ್ವಾ? ಇಲ್ಲೇ ಹತ್ರದಲ್ಲೇ ನೋಡ್ತೀನಿ," ಎಂದು ಒಂದು ದಿನ ನಯವಾಗಿ ತೆಗೆದ.

ಅತ್ತೆ ಒಂದಿಷ್ಟೂ ಬೇಸರ ಮಾಡಿಕೊಳ್ಳಲಿಲ್ಲ. "ಬಂಗಾರನ್ನ ಒಪ್ಪೋ ಮನೆ ತೋರಿಸಿ, ನಾಳೇನೇ ಹೊರಡ್ತೀನಿ. ಅವನನ್ನ ಬಿಟ್ಟು ಮಾತ್ರ ನಾನು ಎಲ್ಲಿಗೂ ಇಲ್ಲ."

ಊರಿಗೆಲ್ಲ ಮನೆ ಹುಡುಕಿಕೊಡುವವನಿಗೆ ಅತ್ತೆಗೊಂದು ಮನೆ ಸಿಗಲಿಲ್ಲ. ಬೆಕ್ಕು ಎಂದ ಕೂಡಲೇ ಮಾಲೀಕರು ಫೋನಿಟ್ಟುಬಿಡುತ್ತಿದ್ದರು. ಒಬ್ಬ ಪುಣ್ಯಾತ್ಮ ಒಪ್ಪಿ, ಒಮ್ಮೆ ನೋಡಿಯೇಬಿಡೋಣ ಎಂದು ಬಂದ. ಬಂಗಾರ ಬಾಗಿಲಲ್ಲೇ ಅವನನ್ನು ಎದುರುಗೊಂಡಿತು. ಆತ ಮೆಟ್ಟಿಲು ಇಳಿದು ಹೋದ ವೇಗಕ್ಕೆ ಒಂದು ಚಪ್ಪಲಿ ಇಲ್ಲೇ ಉಳಿಯಿತು.

ಆಗ ವಿಶಾಲಣ್ಣನ ತಲೆಯಲ್ಲಿ ಲೆಕ್ಕ ಸ್ಪಷ್ಟವಾಯಿತು. ಅತ್ತೆ ಹೋಗಬೇಕಾದರೆ ಮೊದಲು ಬೆಕ್ಕು ಹೋಗಬೇಕು. ಹೊಡೆದು ಓಡಿಸುವಷ್ಟು ಕಟುಕ ಅವನಲ್ಲ, ಅಥವಾ ಅಷ್ಟು ಧೈರ್ಯ ಅವನಿಗಿರಲಿಲ್ಲ. ಸಾಕುಪ್ರಾಣಿ ಪ್ರಿಯರ ಬಳಗವೊಂದು ಫೋನಿನಲ್ಲಿತ್ತು. ಅಲ್ಲಿ ಜನ ಬೆಕ್ಕು ನಾಯಿಗಳನ್ನು ಕೊಡುತ್ತಿದ್ದರು, ಕೊಳ್ಳುತ್ತಿದ್ದರು. ಯಾರಿಗಾದರೂ ಸದ್ದಿಲ್ಲದೆ ಒಪ್ಪಿಸಿ, ಬಾಗಿಲು ತೆರೆದಿದ್ದಾಗ ಬಂಗಾರ ತಪ್ಪಿಸಿಕೊಂಡಿತೆಂದು ಕಣ್ಣೊರೆಸಿಕೊಂಡರಾಯಿತು. ಬೇಕಾದದ್ದು ಒಂದು ಒಳ್ಳೆಯ ಫೋಟೋ. ಅದು ಅವನ ಅಂಗೈ ಮೇಲಿನ ಕೆಲಸ ತಾನೆ?

ಅಲ್ಲೇ ಅವನು ಎಡವಿದ್ದು. ಮನೆ ಓಡುವುದಿಲ್ಲ. ಬೆಕ್ಕು ಓಡುತ್ತದೆ. ಮೊದಲ ದಿನ ಸಿಕ್ಕಿದ್ದು ಒಂದು ಬಾಲದ ತುದಿ, ಹೊಗೆ ಹಾದುಹೋದಂಥ ಒಂದು ಗೆರೆ, ಇಡೀ ಪರದೆ ತುಂಬಿದ ಒಂದು ಮೂಗಿನ ಹೊಳ್ಳೆ, ಮತ್ತು ಖಾಲಿ ಕುರ್ಚಿಯ ನಾನಾ ಭಂಗಿಗಳು. ಫ್ಲ್ಯಾಷ್ ಹಾಕಿದರೆ ಇದ್ದ ಒಂದೇ ಕಣ್ಣು ಹಸಿರಾಗಿ ಉರಿದು, ಫೋಟೋ ನೋಡಿದ ಅವನೇ ಬೆಚ್ಚಿಬಿದ್ದ.

ಹಟ ಹುಟ್ಟಿತು. ಊಟದ ನಂತರ ಬಾತ್ರೂಮಿನಲ್ಲಿ ಕೂತು ಸಾಕುಪ್ರಾಣಿಗಳ ಫೋಟೋ ತೆಗೆಯುವುದನ್ನು ಕಲಿಸುವ ವೀಡಿಯೊಗಳನ್ನೆಲ್ಲ ನೋಡಿದ. ಫ್ಲ್ಯಾಷ್ ಬೇಡ, ಕಿಟಕಿಯ ಬೆಳಕು ಸಾಕು. ಗುಂಡಿಯ ಮೇಲೆ ಬೆರಳು ಒತ್ತಿಯೇ ಹಿಡಿದರೆ ಒಂದರ ಹಿಂದೆ ಒಂದು ಫೋಟೋ ಬರುತ್ತದೆ, ಅದರಲ್ಲಿ ಒಂದಾದರೂ ನೆಟ್ಟಗಿರುತ್ತದೆ. ಫೋನಿನ ಮೇಲುಗಡೆ ಪೊಟ್ಟಣ ಸರಪರ ಎನಿಸಿದರೆ ಪ್ರಾಣಿ ಇತ್ತ ನೋಡುತ್ತದೆ. ಹಿಂದೆ ಬಕೆಟ್ಟು, ಚಪ್ಪಲಿ, ವೈರು ಕಾಣಬಾರದು. ಎಲ್ಲಕ್ಕಿಂತ ಮೊದಲು ಲೆನ್ಸನ್ನು ಒರೆಸಬೇಕು. ಒರೆಸಿ ನೋಡಿದರೆ ಬಟ್ಟೆಗೆ ಎಣ್ಣೆ ಹತ್ತಿತು. ಇಷ್ಟು ವರ್ಷ ಮನೆಗಳ ಫೋಟೋಗೆ ಆ ಮಸುಕೇ ಅನುಕೂಲವಾಗಿದ್ದರಿಂದ ಅವನಿಗೆ ಅದು ಗೊತ್ತೇ ಆಗಿರಲಿಲ್ಲ.

ಇನ್ನೊಂದು ಪಾಠವಿತ್ತು: ಪ್ರಾಣಿಯನ್ನು ಮೇಲಿನಿಂದ ತೆಗೆಯಬಾರದು, ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಹೀಗಾಗಿ ಮಾರನೆಯ ದಿನ ಹೆಂಡತಿ ಹಾಲಿಗೆ ಬಂದಾಗ ಗಂಡ ನೆಲದ ಮೇಲೆ ಬೋರಲು ಬಿದ್ದಿದ್ದ. ಮದುವೆಯಾದ ಲಾಗಾಯ್ತು ಬಿದ್ದ ಟವೆಲ್ ಎತ್ತಲೂ ಬಗ್ಗದ ಸೊಂಟ ಅದು.

"ಅಯ್ಯೋ, ಏನಾಯ್ತ್ರೀ? ಬಿದ್ರಾ?"

"ಶ್ಶ್! ಅಲ್ಲಾಡ್ಬೇಡ. ಬೆಳಕು ಚೆನ್ನಾಗಿದೆ."

ಹೆಂಡತಿಯ ಹಿಂದೆ ಅತ್ತೆಯೂ ಬಂದು ನಿಂತರು. ಅಳಿಯ ನೆಲಕ್ಕೆ ಗಲ್ಲ ಹಚ್ಚಿ, ಕುರ್ಚಿಯ ಕೆಳಗಿನ ಬೆಕ್ಕಿಗೆ, "ಬಂಗಾರೀ, ಎಲ್ಲಿ, ಒಂಚೂರು ಈ ಕಡೆ, ನನ್ನ ರಾಜ," ಎಂದು ಬೇಡಿಕೊಳ್ಳುತ್ತಿದ್ದ. ಸಿಕ್ಕಿಬಿದ್ದೆನೆಂದು ಗೊತ್ತಾದರೂ ದಲ್ಲಾಳಿಯ ನಾಲಿಗೆ ಕೈಬಿಡಲಿಲ್ಲ.

"ಏನೋ ಅತ್ತೆ, ಇತ್ತೀಚೆಗೆ ಇವನನ್ನ ನೋಡಿದ್ರೆ ಮುದ್ದು ಬರುತ್ತೆ. ಒಂದು ನೆನಪಿಗಿರ್ಲಿ ಅಂತ."

ಅತ್ತೆ ಒಳಗೆ ಹೋದರು. ಆ ರಾತ್ರಿ ಊಟಕ್ಕೆ ಮೀನಿನ ದೊಡ್ಡ ತುಂಡು ಮೊದಲ ಬಾರಿಗೆ ಬೆಕ್ಕಿನ ಬದಲು ಅವನ ತಟ್ಟೆಗೆ ಬಿತ್ತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮುದುಕಿಗೆ ಸಂಶಯವಿಲ್ಲ ಎಂದುಕೊಂಡ.

ಆ ಒಂದು ಫೋಟೋ ಸಿಕ್ಕಿದ್ದು ಕೆಲವು ದಿನಗಳ ಮೇಲೆ. ಬೆಳಗಿನ ಎಳೆಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ಬಂಗಾರ ಕಿಟಕಿಯ ಕಟ್ಟೆಯ ಮೇಲೆ ಎಡ ಮಗ್ಗುಲು ತೋರಿಸಿ ಕೂತಿತ್ತು. ಆ ಕಡೆಯಿಂದ ನೋಡಿದರೆ ಕಿವಿ ಪೂರ್ತಿ, ಕಣ್ಣೂ ಇದೆ. ಬಿಸಿಲಿಗೆ ಆ ಕೊಳಕು ಬೂದಿಯ ಒಂದೊಂದು ಕೂದಲಿಗೂ ಚಿನ್ನದ ಅಂಚು ಹತ್ತಿತ್ತು. ಇದ್ದ ಕಣ್ಣನ್ನು ಅರೆ ಮುಚ್ಚಿ, ಕತ್ತೆತ್ತಿ, ಲೋಕದ ಜಂಜಾಟವನ್ನೆಲ್ಲ ಬಿಟ್ಟ ಸಂತನ ಹಾಗೆ ಅದು ದೂರಕ್ಕೆ ನೋಡುತ್ತಿತ್ತು. ವಿಶಾಲಣ್ಣ ಬೆರಳು ಒತ್ತಿ ಹಿಡಿದ. ಆ ಸಂತಭಾವ ವಾಂತಿಗೆ ಮುಂಚಿನದೆಂದು ಮರುಗಳಿಗೆಯಲ್ಲಿ ಕಿಟಕಿಯ ಪರದೆಯ ಮೇಲೆ ಬಿದ್ದ ಕೂದಲುಂಡೆ ನೋಡಿದಾಗ ಗೊತ್ತಾಯಿತು. ಆದರೆ ಫೋಟೋ ಬಂದಾಗಿತ್ತು.

ಅವನೇ ಆ ಫೋಟೋವನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಒಂದು ಕ್ಷಣ, ಇಂಥ ಬೆಕ್ಕನ್ನು ಯಾರಾದರೂ ಕೊಟ್ಟುಬಿಡುತ್ತಾರೆಯೇ ಎಂದೂ ಅನ್ನಿಸಿತು. ಸಾವರಿಸಿಕೊಂಡು ಬರೆದ: 'ಮುದ್ದಾದ, ಗಂಭೀರ ಸ್ವಭಾವದ ಬೆಕ್ಕು ಒಳ್ಳೆಯ ಮನೆಯನ್ನು ಹುಡುಕುತ್ತಿದೆ. ಸ್ವತಂತ್ರ ಮನೋಭಾವ. ಹೆಚ್ಚಿನ ಆರೈಕೆ ಬೇಡ. ಗಾಳಿ ಬೆಳಕಿರುವ ಜಾಗ ಇಷ್ಟ. ತಕ್ಷಣ ಲಭ್ಯ.' ಅಭ್ಯಾಸಬಲದಿಂದ ಕೆಳಗೆ ತನ್ನ ದಲ್ಲಾಳಿ ಕಚೇರಿಯ ನಂಬರನ್ನೇ ಹಾಕಿದ.

ಸಂಜೆ ಅತ್ತೆ ಹತ್ತಿರ ಬಂದು, "ಅಳಿಯಂದಿರೇ, ಅದರಲ್ಲಿ ಒಂದು ಫೋಟೋ ನಂಗೂ ಕಳಿಸ್ತೀರಾ?" ಎಂದು ಕೇಳಿದರು. ಕಳಿಸಿದ. ಅವರು ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿ, ತಪ್ಪು ಹುಡುಕದೆ ಫೋನು ಕೆಳಗಿಟ್ಟರು. ಅವರು ಏನನ್ನಾದರೂ ತಿದ್ದದೆ ಬಿಟ್ಟದ್ದನ್ನು ಅವನು ಅದೇ ಮೊದಲು ಕಂಡದ್ದು.

ಜಾಹೀರಾತಿಗೆ ಫೋನುಗಳ ಸುರಿಮಳೆಯಾಯಿತು. ಅವನು ಗಿರಾಕಿಗಳನ್ನು ಸೋಸಿ, ಹಲ್ಲಿನ ಡಾಕ್ಟರೊಬ್ಬರನ್ನು ಆರಿಸಿಕೊಂಡ. ಸ್ವಂತ ಮನೆ, ಊರಿನ ಇನ್ನೊಂದು ತುದಿ. ಬೆಕ್ಕು ಹುಡುಕಿಕೊಂಡು ವಾಪಸು ಬರಲಾರದಷ್ಟು ದೂರ. ಹೆಂಡತಿ ಅತ್ತೆಯನ್ನು ಕೈಯ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಡಾಕ್ಟರನ್ನು ಬರಹೇಳಿದ.

ಡಾಕ್ಟರು ತಮ್ಮ ಹೆಂಡತಿಯ ಜೊತೆ, ರೇಷ್ಮೆ ದಿಂಬು ಹಾಕಿದ ಹೊಸ ಬುಟ್ಟಿ ಹಿಡಿದು ಬಂದರು. ಆಕೆ ಕೂರುವ ಮೊದಲೇ ಶುರುಮಾಡಿದರು.

"ನಮ್ಮ ಸೋಫಾ ಬೂದು ಬಣ್ಣ, ಪರದೆ ಚಿನ್ನದ ಬಣ್ಣ. ಫೋಟೋ ನೋಡಿದ ತಕ್ಷಣ, ಇದೇ ನಮ್ಮ ಬೆಕ್ಕು ಅಂದೆ. ಎಲ್ಲಿದೆ?"

"ಅದಾ? ಅಲ್ಲೇ, ಕುರ್ಚಿ ಮೇಲೆ."

ಆಕೆ ನೋಡಿದರು. ಬಂಗಾರನೂ ನೋಡಿತು, ನೇರವಾಗಿ, ಇಡೀ ಮುಖದಿಂದ.

"ಅಲ್ಲ... ನಾವು ಕೇಳಿದ್ದು ಫೋಟೋದಲ್ಲಿದ್ದ ಬೆಕ್ಕು."

"ಇದೇ ಮೇಡಂ."

"ಇದಕ್ಕೆ ಒಂದೇ ಕಣ್ಣು!" ಎಂದರು ಡಾಕ್ಟರು.

"ಫೋಟೋದಲ್ಲೂ ಒಂದೇ ಸಾರ್ ಇದ್ದದ್ದು. ಎಣಿಸಿ ನೋಡಿ."

"ಇನ್ನೊಂದು ಆ ಕಡೆ ಇದೆ ಅಂತ ತಾನೆ ಅಂದ್ಕೊಳ್ಳೋದು ಯಾರಾದ್ರೂ?"

"ಅದು ನಿಮ್ಮ ಒಳ್ಳೆ ಮನಸ್ಸು ಸಾರ್. ಈ ಕಡೆ ಬನ್ನಿ, ಇಲ್ಲಿ ನಿಂತ್ಕೊಂಡು ನೋಡಿ. ಹಾಂ, ಇಲ್ಲಿಂದ. ಹೇಗಿದೆ?"

ಡಾಕ್ಟರು ಮರ್ಯಾದಸ್ಥರು. ಅಷ್ಟು ದೂರದಿಂದ ಬಂದದ್ದು ವ್ಯರ್ಥವಾಗಬಾರದೆಂದೋ ಏನೋ ಆ ಕಡೆಗೂ ಹೋಗಿ ನಿಂತು ನೋಡಿದರು. "ವಯಸ್ಸೆಷ್ಟು ಇರ್ಬಹುದು? ಹಲ್ಲು ನೋಡೋಣ," ಎನ್ನುತ್ತ, ಗಿರಾಕಿಗಳ ಬಾಯಿಗೆ ದಿನಾ ಹಾಕುವ ಅದೇ ಸಲುಗೆಯಿಂದ ಬಂಗಾರನ ಬಾಯಿಗೆ ಬೆರಳು ಹಾಕಿದರು. ಹಲ್ಲುಗಳು ಬಹಳ ಚೆನ್ನಾಗಿದ್ದವು. ಅದು ಡಾಕ್ಟರಿಗೆ ನೋಡದೆಯೇ ಮನದಟ್ಟಾಯಿತು.

ಅವರ ಹೆಂಡತಿ ಕೂಗಿಕೊಳ್ಳುತ್ತಲೇ ಫೋನು ತೆಗೆದು, ಫ್ಲ್ಯಾಷ್ ಹಾಕಿ, ಎದುರಿನಿಂದ ಒಂದು ಫೋಟೋ ಹೊಡೆದುಕೊಂಡರು. ಒಂದು ಕಣ್ಣು ಹಸಿರಾಗಿ ಉರಿಯುತ್ತಿತ್ತು, ಇನ್ನೊಂದು ಇರಲಿಲ್ಲ, ನಡುವೆ ಡಾಕ್ಟರ ಬೆರಳಿತ್ತು.

ಆ ಸಂಜೆಯೇ ಎರಡೂ ಫೋಟೋಗಳು ಅಕ್ಕಪಕ್ಕ ಬಳಗದಲ್ಲಿ ಪ್ರತ್ಯಕ್ಷವಾದವು. 'ಅವರು ತೋರಿಸಿದ್ದು' ಎಂದು ಎಡಗಡೆ, 'ನಾವು ಕಂಡದ್ದು' ಎಂದು ಬಲಗಡೆ, ಕೆಳಗೆ ದಲ್ಲಾಳಿ ಕಚೇರಿಯ ನಂಬರು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಷ್ಟಕ್ಕೇ ಮುಗಿದಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಆ ನಂಬರನ್ನು ಯಾರೋ ಬಾಡಿಗೆದಾರರು ಗುರುತು ಹಿಡಿದರು. ಅವರೂ ಎರಡು ಫೋಟೋ ಹಾಕಿದರು: ಅವನು ತೋರಿಸಿದ ಹಾಲ್, ತಾವು ಕಂಡ ಹಾಲ್. ಇನ್ನೊಬ್ಬರು ಕಿಟಕಿ ಹಾಕಿದರು. ಮತ್ತೊಬ್ಬರು ಹೂಕುಂಡ ಹಾಕಿ, 'ಈ ಗಿಡ ಯಾರ ಮನೆಯಲ್ಲೆಲ್ಲ ಬೆಳೆದಿತ್ತು? ಕೈ ಎತ್ತಿ,' ಎಂದು ಬರೆದರು. ಊರಿನ ಅರ್ಧ ಜನ ಕೈ ಎತ್ತಿದರು. 'ಬೆಕ್ಕಿಗೇ ಒಂದು ಕಣ್ಣು ಜೋಡಿಸಿದವನು ಮನೆಗೊಂದು ಕೋಣೆ ಜೋಡಿಸದೆ ಬಿಡ್ತಾನಾ?' ಎಂದು ಒಬ್ಬ ಕೇಳಿದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಬಂತು. ಮಾರನೆಯ ದಿನದಿಂದ ಮನೆ ಮಾಲೀಕರು ಒಬ್ಬೊಬ್ಬರಾಗಿ ಬಂದು ಕೀ ಗೊಂಚಲು ವಾಪಸು ಕೇಳತೊಡಗಿದರು. ತೇವದ ಗೋಡೆಯನ್ನು ಮುಚ್ಚಿಡಲು ಅವನಿಗೆ ಹೇಳಿಕೊಟ್ಟವರೇ ಈಗ, "ಛೆ, ಛೆ, ನೀವು ಹೀಗೆ ಅಂತ ನಮಗೆ ಗೊತ್ತಿರ್ಲಿಲ್ಲ," ಎಂದು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಅತ್ತೆಗೆ ವಿಷಯ ಮುಟ್ಟಿದ್ದು ಪಾರ್ಕಿನಲ್ಲಿ. ಅವರ ವಾಕಿಂಗ್ ಗೆಳತಿ, "ಇದು ನಿಮ್ಮ ಬಂಗಾರ ಅಲ್ವೇನ್ರೀ?" ಎಂದು ತೋರಿಸಿದ್ದರು. ಮನೆಗೆ ಬಂದವರು ಕೂಗಾಡಲಿಲ್ಲ. ಊಟಕ್ಕೆ ಎಲ್ಲರೂ ಕೂತ ಮೇಲೆ ಕನ್ನಡಕ ಹಾಕಿಕೊಂಡು, ಫೋನು ತೆಗೆದು, ಅವನು ಬರೆದದ್ದನ್ನು ನಿಧಾನವಾಗಿ ಗಟ್ಟಿಯಾಗಿ ಓದಿದರು.

"'ಬೆಕ್ಕು ಒಳ್ಳೆಯ ಮನೆಯನ್ನು ಹುಡುಕುತ್ತಿದೆ.' ಇಲ್ಲಿ ಕರ್ತೃಪದ ತಪ್ಪಾಗಿದೆ, ಅಳಿಯಂದಿರೇ. ಹುಡುಕ್ತಾ ಇದ್ದದ್ದು ಬೆಕ್ಕಲ್ಲ."

ಹೆಂಡತಿ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. "ಏನ್ರೀ ಇದು? ಅಮ್ಮನ ಬೆಕ್ಕನ್ನ ಮಾರೋಕೆ ಹೊರಟಿದ್ರಾ?"

"ಮಾರೋದಲ್ಲ ಕಣೇ, ಸುಮ್ನೆ ಕೊಡೋದು..."

"ಸುಮ್ನೆ ಕೊಡೋಕೆ ಅದು ನಿಮ್ಮಪ್ಪಂದಾ?"

ಅತ್ತೆ ಮಗಳನ್ನು ಕೈಸನ್ನೆಯಲ್ಲೇ ಸುಮ್ಮನಾಗಿಸಿದರು. "ಬಿಡು, ಅವರಿಗೆ ಬೈದು ಏನಾಗ್ಬೇಕು. ತಪ್ಪು ನಂದೇ. ಅಳಿಯಂದಿರೇ, ನಿಮಗೆ ಒಂದು ವಿಷಯ ಹೇಳಿರ್ಲಿಲ್ಲ. ನಂಗೆ ಮನೆ ಸಿಕ್ಕಿತ್ತು."

ವಿಶಾಲಣ್ಣನ ಕಿವಿ ನೆಟ್ಟಗಾಯಿತು.

"ನನ್ನ ಹಳೇ ಪ್ರೆಸ್ಸಿನ ಗೆಳತಿದು. ಕೆಳಗಿನ ಭಾಗ ಖಾಲಿ ಇತ್ತು. ಬೆಕ್ಕಿದ್ರೂ ಸರಿ, ಅವಳ ಹತ್ರಾನೇ ನಾಲ್ಕಿದಾವೆ. ಅಡ್ವಾನ್ಸೂ ಕೊಟ್ಟಿದ್ದೆ. ಹೊರಡೋ ದಿನ ಗೊತ್ತುಮಾಡಿ ನಿಮಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೋಡ್ತೀನಿ, ನೀವು ನೆಲದ ಮೇಲೆ ಬಿದ್ಕೊಂಡು ಬಂಗಾರನ ಹತ್ರ 'ನನ್ನ ರಾಜ' ಅಂತಿದೀರಿ. ದಿನಾ ಬೆಳಿಗ್ಗೆ ಎದ್ದು ಅವನ ಮುಂದೆ ಕೂರೋದೇನು, ಪೊಟ್ಟಣ ಅಲ್ಲಾಡ್ಸೋದೇನು. ಆ ಫೋಟೋ ನೋಡಿದ ಮೇಲಂತೂ ನನ್ನ ಕರುಳೇ ಕರಗಿಹೋಯ್ತು. ಅಷ್ಟು ಪ್ರೀತಿ ಇಲ್ದೆ ಯಾರಿಂದ ಹಾಗೆ ತೆಗೆಯೋಕಾಗುತ್ತೆ? ಇಬ್ಬರನ್ನೂ ಅಗಲಿಸಿದ ಪಾಪ ನಂಗ್ಯಾಕೆ ಅಂತ, ಮನೆ ಬೇಡ ಅಂದ್ಬಿಟ್ಟೆ."

"ಈಗ... ಈಗ ಕೇಳಬಹುದಲ್ಲ ಅತ್ತೆ?"

"ಕೇಳಿದೆ. ಮೊನ್ನೆ ತಾನೆ ಬೇರೆಯವರು ಬಂದಿದಾರಂತೆ."

ಕುರ್ಚಿಯಲ್ಲಿ ಮಲಗಿದ್ದ ಬಂಗಾರ ಆಕಳಿಸಿ ಇನ್ನೊಂದು ಮಗ್ಗುಲಿಗೆ ಹೊರಳಿತು. ವಿಶಾಲಣ್ಣ ತಟ್ಟೆ ನೋಡಿಕೊಂಡು ಕೂತ. ಮೀನು ಅವನ ತಟ್ಟೆಯಲ್ಲಿರಲಿಲ್ಲ.

ಆಮೇಲೆ ಕೆಲವು ವಾರ ಅವನ ಪಾಲಿಗೆ ಗ್ರಹಚಾರ ನೆಟ್ಟಗಿರಲಿಲ್ಲ. ಹೆಂಡತಿ ಅವನೊಡನೆ ನೇರವಾಗಿ ಮಾತು ಬಿಟ್ಟಳು. ಹೇಳುವುದಿದ್ದರೆ, "ಬಂಗಾರ, ಊಟಕ್ಕೆ ಬರೋಕೆ ಹೇಳು," "ಬಂಗಾರ, ಕರೆಂಟ್ ಬಿಲ್ ಕಟ್ಟೋಕೆ ಹೇಳು," ಎಂದು ಬೆಕ್ಕಿಗೆ ಹೇಳುತ್ತಿದ್ದಳು. ಬೆಕ್ಕು ಹೇಳುತ್ತಿರಲಿಲ್ಲ, ಆದರೂ ಅವನು ಮಾಡುತ್ತಿದ್ದ. ಕಚೇರಿಯಲ್ಲಿ ಕೂತರೆ ನೊಣ ಓಡಿಸುವ ಕೆಲಸ. ಎದುರಿನ ಟೀ ಅಂಗಡಿಯಲ್ಲಿ ಉಳಿದ ದಲ್ಲಾಳಿಗಳು ಅವನು ಬಂದ ಕೂಡಲೇ ಒಂದು ಕಣ್ಣು ಮುಚ್ಚಿಕೊಂಡು ಸ್ವಾಗತಿಸುತ್ತಿದ್ದರು.

ಒಂದು ಮಧ್ಯಾಹ್ನ ಫೋನು ಬಂತು. ಹೆಂಗಸಿನ ಧ್ವನಿ, ಗಡುಸು.

"ಆ ಒಂಟಿ ಕಣ್ಣಿನ ಬೆಕ್ಕನ್ನ ಹಾಗೆ ಫೋಟೋ ತೆಗೆದೋರು ನೀವೇನಾ?"

ಬೈಗುಳ ಕೇಳಿ ಕೇಳಿ ಅಭ್ಯಾಸವಾಗಿದ್ದವನು ಕಿವಿಯಿಂದ ಫೋನನ್ನು ಒಂದಿಷ್ಟು ದೂರ ಹಿಡಿದು, "ಹೌದು ಮೇಡಂ, ತಪ್ಪಾಯ್ತು," ಎಂದ.

"ನಮ್ಮ ನಾಯೀನೂ ಹಾಗೇ ತೆಗೀತೀರಾ?"

ಅವನಿಗೆ ಅರ್ಥವಾಗಲಿಲ್ಲ.

"ಅಲ್ರೀ, ಆ ಬೆಕ್ಕನ್ನೇ ಅಷ್ಟು ಚೆನ್ನಾಗಿ ಕಾಣೋ ಹಾಗೆ ಮಾಡಿದೀರಿ ಅಂದ್ರೆ ನಮ್ಮದು ಎಷ್ಟು ಚೆನ್ನಾಗಿ ಬರ್ಬೇಡ? ಸ್ವಲ್ಪ ದಪ್ಪ ಇದೆ, ಹೊಟ್ಟೆ ನೆಲಕ್ಕೆ ಉಜ್ಜುತ್ತೆ, ಅಷ್ಟೆ. ನಮ್ಮ ಅತ್ತಿಗೆ ಅವರ ನಾಯಿ ಫೋಟೋ ದಿನಾ ಹಾಕಿ ಹಾಕಿ ನನ್ನ ಹೊಟ್ಟೆ ಉರಿಸ್ತಾರೆ."

ಮಾನ ಕಳೆಯಲೆಂದು ಡಾಕ್ಟರು ಹಾಕಿದ ಜೋಡಿ ಫೋಟೋ ಊರೆಲ್ಲ ಸುತ್ತಿತ್ತು. ಅದರಲ್ಲಿ ಮೋಸ ಕಂಡವರು ನಕ್ಕು ಮರೆತಿದ್ದರು. ಕೈಚಳಕ ಕಂಡವರು ನಂಬರು ಬರೆದಿಟ್ಟುಕೊಂಡಿದ್ದರು. ಒಬ್ಬರ ಹಿಂದೆ ಒಬ್ಬರು ಕರೆದರು. ಕೂದಲು ಉದುರಿದ ನಾಯಿಗೆ ಶಾಲು ಹೊದಿಸಿ ತೆಗೆದ. ಕಾಲಿಲ್ಲದ ಆಮೆಯನ್ನು ಹುಲ್ಲಿನಲ್ಲಿ ಕೂರಿಸಿ ತೆಗೆದ. ಮೂರು ಹೊತ್ತೂ ಮಲಗುವ ಬೆಕ್ಕು ಚುರುಕಾಗಿ ಕಾಣಬೇಕೆಂದವರಿಗೆ, ಅದು ಸೀನುವ ಕ್ಷಣ ಕಾದು ತೆಗೆದುಕೊಟ್ಟ. ಮನೆಯ ಫೋಟೋ ಸುಂದರವಾಗಿ ಬಂತೆಂದು ಜಗಳಕ್ಕೆ ಬರುತ್ತಿದ್ದ ಅದೇ ಜನ, ತಮ್ಮ ನಾಯಿಯ ಫೋಟೋ ಸುಂದರವಾಗಿ ಬಂದರೆ ಕಣ್ಣಲ್ಲಿ ನೀರು ತಂದುಕೊಂಡು ಕೈ ಹಿಡಿಯುತ್ತಿದ್ದರು. ಅಲ್ಲಿ ಮೋಸವೆಂಬ ಮಾತನ್ನು ಯಾರೂ ಎತ್ತಲಿಲ್ಲ.

ಫೋನು ತೆಗೆದುಕೊಳ್ಳುವ ಕೆಲಸವನ್ನು ಅತ್ತೆ ವಹಿಸಿಕೊಂಡರು. ಅವನು ಕೇಳಿರಲಿಲ್ಲ, ಅವರೂ ಕೇಳಲಿಲ್ಲ. ಕ್ಷಮಿಸಿದರೋ ಇಲ್ಲವೋ ಅವನಿಗೆ ಕಡೆಗೂ ತಿಳಿಯಲಿಲ್ಲ. ಹೊರಡುವ ಮಾತು ಮಾತ್ರ ಆ ಮನೆಯಲ್ಲಿ ಯಾರ ಬಾಯಲ್ಲೂ ಮತ್ತೆ ಬರಲಿಲ್ಲ.

ಹೀಗಿರುವಾಗ ಪೈಪು ಕಾರ್ಖಾನೆಯ ಮಾಲೀಕನೊಬ್ಬ ಕರೆಸಿಕೊಂಡ. ಕುದುರೆಯಷ್ಟೆತ್ತರದ ನಾಯಿ. ಧಣಿ ಕೋಣೆಗೆ ಕಾಲಿಟ್ಟ ಕೂಡಲೇ ಅದು ಬಾಲ ಮಡಚಿಕೊಂಡು ಮೇಜಿನ ಕೆಳಗೆ ಸೇರಿತು.

"ನಮ್ಮಿಬ್ಬರದ್ದು ಜೋಡಿ ಫೋಟೋ ಬೇಕು," ಎಂದ ಮಾಲೀಕ. "ಅದು ನನ್ನ ಮುಖವನ್ನೇ ಪ್ರೀತಿಯಿಂದ ನೋಡ್ತಿರ್ಬೇಕು. ಆಫೀಸಲ್ಲಿ ಹಾಕೋದು. ನೌಕರರೆಲ್ಲ ನೋಡ್ಬೇಕು, ನಮ್ಮ ಸಾಹೇಬರ ಮನಸ್ಸು ಎಂಥಾದ್ದು ಅಂತ."

ನಾಯಿಯನ್ನು ಹೊರಗೆಳೆಯಲು ಮೂವರು ಬೇಕಾಯಿತು. ಪಕ್ಕದಲ್ಲಿ ಕೂರಿಸಿದರೆ ಗೋಡೆ ನೋಡುತ್ತದೆ, ಬಾಗಿಲು ನೋಡುತ್ತದೆ, ಧಣಿಯೊಬ್ಬನನ್ನು ಬಿಟ್ಟು ಎಲ್ಲವನ್ನೂ ನೋಡುತ್ತದೆ. ವಿಶಾಲಣ್ಣ ಸುತ್ತ ಕಣ್ಣಾಡಿಸಿ, ಅದಕ್ಕೆ ಊಟ ಹಾಕುವವರು ಯಾರೆಂದು ವಿಚಾರಿಸಿದ. ಅಡುಗೆಯವಳು ಕೈ ಒರೆಸಿಕೊಳ್ಳುತ್ತ ಬಂದಳು. ಅವಳನ್ನು ಮಾಲೀಕನ ಬೆನ್ನ ಹಿಂದೆ, ಕುರ್ಚಿಯ ಮರೆಯಲ್ಲಿ ಕೂರಿಸಿ, ಕೈಗೊಂದು ಮಾಂಸದ ಚೂರು ಕೊಟ್ಟ. ನಾಯಿ ಕತ್ತು ತಿರುಗಿಸಿತು. ಮಾಲೀಕನ ಕಿವಿಯ ಪಕ್ಕದಿಂದ ಅವಳನ್ನು ಕಂಡ ಅದರ ಕಣ್ಣು ಅರಳಿತು, ಬಾಯಿ ತೆರೆಯಿತು, ನಾಲಿಗೆ ಇಳಿಬಿತ್ತು. ಅವನು ಬೆರಳು ಒತ್ತಿ ಹಿಡಿದ.

ಮಾಲೀಕ ಫೋಟೋವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. ಕಾರ್ಖಾನೆಯಲ್ಲಿ ಎಷ್ಟೋ ಜನರನ್ನು ಅಳಿಸಿದವನು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. "ನೋಡಿದ್ರಾ? ಮನುಷ್ಯರಲ್ಲಿ ಎಲ್ಲಿದೆ ಇಂಥ ನಿಷ್ಠೆ?" ಎಂದ. ಹಿಂದೆ ನಿಂತಿದ್ದ ಅಡುಗೆಯವಳು ಮುಖ ತಿರುಗಿಸಿಕೊಂಡಳು. ಅವಳ ಬೆರಳುಗಳನ್ನು ನಾಯಿ ಇನ್ನೂ ನೆಕ್ಕುತ್ತಿತ್ತು.

ಗೇಟು ದಾಟುವಾಗ ವಿಶಾಲಣ್ಣನಿಗೆ ಒಂದು ಕ್ಷಣ ನಾಚಿಕೆಯಂಥದ್ದೇನೋ ಆಯಿತು. ಅವಳ ಮುಖವನ್ನು ನೆನೆದು ಕಾಲು ನಿಧಾನವಾಯಿತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅತ್ತೆ.

"ಎಲ್ಲಿದೀರಿ ಅಳಿಯಂದಿರೇ? ನಾಳೆ ಬೆಳಿಗ್ಗೆಗೆ ಒಂದು ಗಿಳಿ ಬಂದಿದೆ. 'ನಮ್ಮ ಗಿಳಿ ತುಂಬಾ ಸೌಮ್ಯ, ಮನೆಗೆ ಬಂದೋರಿಗೆಲ್ಲ ಹಾಗೇ ಕಾಣ್ಬೇಕು' ಅಂತಾರೆ ಅದರ ಮನೆಯವರು. ಆದ್ರೆ ಫೋನಲ್ಲೇ ನಂಗೆ ಕೇಳಿಸ್ತು, ಹಿಂದಿನಿಂದ ಬಾಯಿಗೆ ಬಂದ ಹಾಗೆ ಬೈತಾ ಇತ್ತು. ಕೇಳ್ಬಾರದ ಮಾತು. ಆಗಲ್ಲ ಅಂದ್ಬಿಡ್ಲಾ?"

ಅವನು ಕಾರಿನ ಬಾಗಿಲು ತೆರೆದ.

"ಯಾಕತ್ತೆ? ಬರ್ಲಿ ಬಿಡಿ. ಫೋಟೋದಲ್ಲಿ ಕೇಳ್ಸಲ್ಲ."